ಕಾರು ಕಾರ್ಖಾನೆಯೇ ಇಲ್ಲದಿದ್ದ ಕ್ರೊಯೇಷಿಯಾ ನೆವೆರಾವನ್ನು ಕಟ್ಟಿದ್ದು ಹೇಗೆ?

ಕುಮದ್ವತಿ:
ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ತಲೆ ಕೊರೆಯುತ್ತಿರುವ ಪ್ರಶ್ನೆಯೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಕ್ರೊಯೇಷಿಯಾ ವಿಸ್ತೀರ್ಣದಲ್ಲಿ ಕರ್ನಾಟಕದ ಮೂರನೆಯ ಒಂದು ಭಾಗದಷ್ಟೂ ಇಲ್ಲ. 2021ರ ಜನಗಣತಿಯಂತೆ ಅಲ್ಲಿರುವವರು ಸುಮಾರು 38.7 ಲಕ್ಷ ಜನ. 1991ರಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾಗಿ ಸ್ವತಂತ್ರವಾದ ಆ ದೇಶ 1995ರವರೆಗೂ ಯುದ್ಧದಲ್ಲಿ ಬೆಂದಿತು. ಇಂದು ಅಲ್ಲಿನ ಆದಾಯದ ದೊಡ್ಡ ಪಾಲು ಆಡ್ರಿಯಾಟಿಕ್ ಕಡಲತೀರಕ್ಕೆ ಬರುವ ಪ್ರವಾಸಿಗರಿಂದ ಬರುತ್ತದೆ. ಇಂಥ ದೇಶದಲ್ಲಿ, ರಾಜಧಾನಿ ಜಾಗ್ರೆಬ್‌ನ ಪಕ್ಕದ ಸ್ವೇತಾ ನೆಡೆಲ್ಯಾ ಎಂಬ ಸಣ್ಣ ಪಟ್ಟಣದಲ್ಲಿ, ರಿಮ್ಯಾಕ್ ಕಂಪನಿಯವರು ನೆವೆರಾ ಎಂಬ ವಿದ್ಯುತ್ ಸ್ಪೋರ್ಟ್ಸ್ ಕಾರನ್ನು ತಯಾರಿಸುತ್ತಿದ್ದಾರೆ. ಅದಕ್ಕೆ ನಾಲ್ಕು ಮೋಟರುಗಳು, ಒಟ್ಟು 1,914 ಅಶ್ವಶಕ್ತಿ. 2022ರ ನವೆಂಬರಿನಲ್ಲಿ ಜರ್ಮನಿಯ ಪಾಪೆನ್‌ಬುರ್ಗ್ ಪರೀಕ್ಷಾಪಥದಲ್ಲಿ ಅದು ಗಂಟೆಗೆ 412 ಕಿಲೋಮೀಟರ್ ವೇಗವನ್ನು ಮುಟ್ಟಿತು.

ಕಾರು ತಯಾರಿಕೆಯ ಪರಂಪರೆಯೇ ಇಲ್ಲದ ನೆಲದಲ್ಲಿ ಇದು ಹೇಗೆ ಸಾಧ್ಯವಾಯಿತು ಎಂಬುದು ನನಗೆ ಅರ್ಥವಾಗುತ್ತಿಲ್ಲ. ಇದನ್ನು ಒಂದು ದೇಶ ತಂತ್ರಜ್ಞಾನದಲ್ಲಿ ಮತ್ತೆ ತಲೆ ಎತ್ತಿದ ಕಥೆಯೆಂದು ಓದಬೇಕೋ, ಒಬ್ಬ ಹಟವಾದಿ ಯುವಕನ ಕಥೆಯೆಂದು ಓದಬೇಕೋ? ಜರ್ಮನಿಯ ಪೋರ್ಷೆಯಂಥ ಕಾರು ಕಂಪನಿಗಳ ಹಣ ಒಳಗೆ ಬಂದಮೇಲೂ ಅದನ್ನು ಆ ದೇಶದ ಸ್ವಂತ ಕಾರು ಎನ್ನಬಹುದೇ? ತಿಳಿದವರು ದಯವಿಟ್ಟು ಬರೆಯಬೇಕು.

ನಾಲ್ಕನೇ ಗೇರ್:
ಮೊದಲಿಗೆ ಒಂದು ಸಣ್ಣ ತಿದ್ದುಪಡಿ. ಅದು ರಿಮ್ಯಾಕ್ ಅಲ್ಲ, ರಿಮಾಟ್ಸ್. ಕ್ರೊಯೇಷಿಯನ್ ಭಾಷೆಯಲ್ಲಿ ಆ ಕೊನೆಯ ಅಕ್ಷರಕ್ಕೆ ‘ಟ್ಸ್’ ಎಂಬ ಉಚ್ಚಾರವಿದೆ. ಸ್ಥಾಪಕರ ಹೆಸರು ಮಾಟೆ ರಿಮಾಟ್ಸ್.

ಕುಮದ್ವತಿ:
ತಿದ್ದಿದ್ದಕ್ಕೆ ಧನ್ಯವಾದಗಳು. ಇನ್ನು ಮುಂದೆ ಹಾಗೆಯೇ ಬರೆಯುತ್ತೇನೆ.

ನಾಲ್ಕನೇ ಗೇರ್:
ಈಗ ವಿಷಯಕ್ಕೆ ಬರುತ್ತೇನೆ. ಮಾಟೆ ಹುಟ್ಟಿದ್ದು 1988ರಲ್ಲಿ, ಇಂದಿನ ಬೋಸ್ನಿಯಾ ಹರ್ಜೆಗೊವಿನಾದ ಲಿವ್ನೊ ಪಟ್ಟಣದಲ್ಲಿ. ಯುದ್ಧದ ದಿನಗಳಲ್ಲಿ ಕುಟುಂಬ ಜರ್ಮನಿಗೆ ಹೋಗಿ ನೆಲೆಸಿತು. 2000ದ ಹೊತ್ತಿಗೆ ಅವರು ಜಾಗ್ರೆಬ್ ಬಳಿಯ ಸಮೊಬೋರ್‌ಗೆ ಬಂದರು. ಶಾಲೆಯಲ್ಲಿದ್ದಾಗಲೇ ಕೀಲಿಮಣೆ ಮತ್ತು ಮೌಸ್ ಎರಡರ ಕೆಲಸವನ್ನೂ ಮಾಡುವ ಕೈಗವಸನ್ನೂ, ಚಾಲಕನ ಕಣ್ಣಿಗೆ ಬೀಳದ ಮೂಲೆಯನ್ನು ತೋರಿಸುವ ಕನ್ನಡಿಯನ್ನೂ ರೂಪಿಸಿ ಎಲೆಕ್ಟ್ರಾನಿಕ್ಸ್ ಸ್ಪರ್ಧೆಗಳಲ್ಲಿ ಬಹುಮಾನ ಪಡೆದ ಹುಡುಗ ಆತ.

ಆಮೇಲೆ 1984ರ ಹಳೆಯ ಬಿಎಂಡಬ್ಲ್ಯು ಇ30 ಕಾರೊಂದನ್ನು ಕೊಂಡು ಓಟದ ಸ್ಪರ್ಧೆಗಳಿಗೆ ಇಳಿದರು. ಎಂಜಿನ್ ಒಡೆದುಹೋಯಿತು. ಇನ್ನೊಂದು ಪೆಟ್ರೋಲ್ ಎಂಜಿನ್ ಕೂರಿಸುವ ಬದಲು ವಿದ್ಯುತ್ ಮೋಟರನ್ನು ಹಾಕಿದರು. ಸ್ಪರ್ಧೆಗೆ ಬಂದವರು ಅದನ್ನು ಬಟ್ಟೆ ಒಗೆಯುವ ಯಂತ್ರವೆಂದು ನಕ್ಕರೆಂದೂ, ಕೆಲವು ಸುತ್ತುಗಳಾದ ಮೇಲೆ ನಗು ನಿಂತಿತೆಂದೂ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. 2011ರಲ್ಲಿ ಅದೇ ಹಸಿರು ಕಾರು ವಿದ್ಯುತ್ ವಾಹನಗಳ ವೇಗವರ್ಧನೆಯ ಅಂತರರಾಷ್ಟ್ರೀಯ ದಾಖಲೆಗಳನ್ನು ಬರೆಯಿತು. ಕಂಪನಿ ಹುಟ್ಟಿದ್ದು 2009ರಲ್ಲಿ, ಆಗ ಅವರಿಗೆ ಇಪ್ಪತ್ತೊಂದು ವರ್ಷ.

ಆದ್ದರಿಂದ ನನ್ನ ಉತ್ತರ ಸ್ಪಷ್ಟವಾಗಿದೆ. ಇದು ಒಬ್ಬ ವ್ಯಕ್ತಿಯ ಕಥೆ. ದೇಶ ಅವರಿಗೆ ಕೊಟ್ಟದ್ದು ಕಡಿಮೆ.

ಹಳೆಯ ಲೇತ್:
ನಾಲ್ಕನೇ ಗೇರ್ ಅವರೇ, ನಿಮ್ಮ ಕೊನೆಯ ಸಾಲನ್ನು ನಾನು ಒಪ್ಪುವುದಿಲ್ಲ. ಮೂವತ್ತೆರಡು ವರ್ಷ ಯಂತ್ರೋಪಕರಣಗಳ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು ನಾನು. ಒಬ್ಬನ ತಲೆಯಲ್ಲಿರುವ ಕಾರು ರಸ್ತೆಗಿಳಿಯಬೇಕಾದರೆ ಲೋಹವನ್ನು ನೂರರಲ್ಲೊಂದು ಮಿಲಿಮೀಟರಿನ ಲೆಕ್ಕದಲ್ಲಿ ಕೊರೆಯಬಲ್ಲ ಕೈಗಳು ಆ ಊರಿನಲ್ಲಿ ಇರಬೇಕು. ಅಂಥ ಕೈಗಳು ಜಾಗ್ರೆಬ್‌ನಲ್ಲಿ ಇದ್ದವು. ಕೊನ್ಚಾರ್ ಎಂಬ ವಿದ್ಯುತ್ ಯಂತ್ರಗಳ ಕಂಪನಿಯ ಬೇರು 1921ರಷ್ಟು ಹಿಂದಕ್ಕೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್, ಜನರೇಟರ್, ರೈಲ್ವೆ ಎಂಜಿನ್ನುಗಳನ್ನು ಮಾಡಿದವರು ಅವರು. ಜಾಗ್ರೆಬ್‌ನ ಬೀದಿಗಳಲ್ಲಿ ಓಡುವ ನೀಲಿ ಬಣ್ಣದ ತಗ್ಗು ನೆಲದ ಟ್ರಾಮುಗಳನ್ನು 2005ರ ಹೊತ್ತಿಗೆ ಅಲ್ಲಿನ ಕಂಪನಿಗಳೇ ಸೇರಿ ಕಟ್ಟಿದವು. ಜಾಗ್ರೆಬ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್‌ಗೆ ಒಂದು, ಯಂತ್ರಶಾಸ್ತ್ರ ಮತ್ತು ಹಡಗು ನಿರ್ಮಾಣಕ್ಕೆ ಇನ್ನೊಂದು, ಹೀಗೆ ಎರಡು ದೊಡ್ಡ ವಿಭಾಗಗಳಿವೆ. ಕಾರಿನ ಕಾರ್ಖಾನೆ ಇರಲಿಲ್ಲ ಎಂಬುದು ನಿಜ. ಮೋಟರ್ ಗೊತ್ತಿದ್ದವರು ಇರಲಿಲ್ಲ ಎಂಬುದು ನಿಜವಲ್ಲ.

ಪಡುಗಡಲು:
ನಿಕೋಲಾ ಟೆಸ್ಲಾ ಹುಟ್ಟಿದ ಸ್ಮಿಲ್ಯಾನ್ ಹಳ್ಳಿಯೂ ಇಂದಿನ ಕ್ರೊಯೇಷಿಯಾದಲ್ಲೇ ಇದೆ. ಅದನ್ನು ಯಾರೂ ಹೇಳಲಿಲ್ಲವಲ್ಲ?

ನಾಲ್ಕನೇ ಗೇರ್:
1856ರಲ್ಲಿ ಹುಟ್ಟಿದವರ ಊರು ಅಲ್ಲಿದೆ ಎಂಬ ಕಾರಣಕ್ಕೆ 2009ರಲ್ಲಿ ಇನ್ವರ್ಟರ್ (ಬ್ಯಾಟರಿಯ ವಿದ್ಯುತ್ತನ್ನು ಮೋಟರಿಗೆ ತಕ್ಕಂತೆ ಬದಲಿಸುವ ಸಾಧನ) ಕೆಲಸ ಮಾಡುವುದಿಲ್ಲ. ಹೆಮ್ಮೆ ಬೇರೆ, ಕಾರಣ ಬೇರೆ. ಹಳೆಯ ಲೇತ್ ಅವರ ಕೊನ್ಚಾರ್ ಮಾತು ಮಾತ್ರ ತೂಕದ್ದು, ಒಪ್ಪುತ್ತೇನೆ.

ಸ್ಟುಟ್‌ಗಾರ್ಟ್ ಕನ್ನಡಿಗ:
ನಾನು ಜರ್ಮನಿಯಲ್ಲಿ ವಾಹನೋದ್ಯಮದಲ್ಲಿ ಕೆಲಸ ಮಾಡುತ್ತೇನೆ, ಬ್ಯಾಟರಿ ಪೆಟ್ಟಿಗೆಗಳ ವಿನ್ಯಾಸ ನನ್ನ ಕಸುಬು. ಹಿಂದೆ ನಾನಿದ್ದ ಒಂದು ಸಣ್ಣ ಕಂಪನಿಯಲ್ಲಿ ಅಧಿಕ ವೋಲ್ಟೇಜಿನ ಕನೆಕ್ಟರುಗಳನ್ನು ತರಿಸಲು ಹೋದಾಗ, ನಾವು ಕೇಳಿದ್ದು ಕೇವಲ ನಲವತ್ತು ಆದ್ದರಿಂದ, ದೊಡ್ಡ ಪೂರೈಕೆದಾರರೊಬ್ಬರು ನಮ್ಮ ಪತ್ರಕ್ಕೆ ನಾಲ್ಕು ತಿಂಗಳು ಉತ್ತರವನ್ನೇ ಬರೆಯಲಿಲ್ಲ. ಈ ಉದ್ಯಮದಲ್ಲಿ ಲಕ್ಷ ಬಿಡಿಭಾಗ ಕೊಳ್ಳುವವನಿಗೆ ಒಂದು ಮರ್ಯಾದೆ, ನೂರು ಕೊಳ್ಳುವವನಿಗೆ ಇನ್ನೊಂದು.

ಈಗ ಕ್ರೊಯೇಷಿಯಾದಲ್ಲಿ ಕೆಲವೇ ಜನರಿದ್ದ, ಹೆಸರು ಕೇಳಿರದ ಕಂಪನಿಯನ್ನು ಊಹಿಸಿಕೊಳ್ಳಿ. ಸ್ಟುಟ್‌ಗಾರ್ಟ್‌ನಲ್ಲಾಗಲೀ ಇಟಲಿಯ ಮೊಡೆನಾದಲ್ಲಾಗಲೀ ಸ್ಪೋರ್ಟ್ಸ್ ಕಾರು ಮಾಡಹೊರಟವನಿಗೆ ಅಕ್ಕಪಕ್ಕದ ಬೀದಿಯಲ್ಲೇ ಗೇರ್‌ಬಾಕ್ಸ್ ಮಾಡುವವರು, ಕಾರ್ಬನ್ ಫೈಬರ್ ಹಾಸುವವರು ಸಿಗುತ್ತಾರೆ. ಜಾಗ್ರೆಬ್‌ನಲ್ಲಿ ಅದಾವುದೂ ಇರಲಿಲ್ಲ. ಆದ್ದರಿಂದ ರಿಮಾಟ್ಸ್ ತಂಡ ಬ್ಯಾಟರಿ, ಇನ್ವರ್ಟರ್, ಮೋಟರ್, ನಿಯಂತ್ರಣದ ತಂತ್ರಾಂಶ, ಮುಂಭಾಗದ ಪರದೆ, ಕಡೆಗೆ ಕಾರ್ಬನ್ ಫೈಬರಿನ ಒಡಲನ್ನೂ ತಾನೇ ಮಾಡಿಕೊಳ್ಳಬೇಕಾಯಿತು. ಆ ಅನಿವಾರ್ಯವೇ ಮುಂದೆ ಅವರ ಬಂಡವಾಳವಾಯಿತು. ಹತ್ತು ವರ್ಷಗಳ ನಂತರ ದೊಡ್ಡ ಕಂಪನಿಗಳು ವಿದ್ಯುತ್ ಕಾರುಗಳತ್ತ ತಿರುಗಿದಾಗ, ಇಷ್ಟು ಶಕ್ತಿಯ ಬ್ಯಾಟರಿಯನ್ನು ಮೊದಲಿನಿಂದ ಕೊನೆಯವರೆಗೆ ಮಾಡಬಲ್ಲವರು ಯುರೋಪಿನಲ್ಲಿ ಬೆರಳೆಣಿಕೆಯಷ್ಟೇ ಇದ್ದರು.

ಕುಮದ್ವತಿ ಅವರ ಪ್ರಶ್ನೆಗೆ ನನ್ನ ಉತ್ತರ ಇದು. ಪರಂಪರೆ ಇಲ್ಲದಿದ್ದರೂ ಆಯಿತು ಎನ್ನುವುದಕ್ಕಿಂತ, ಪರಂಪರೆ ಇಲ್ಲದ್ದರಿಂದಲೇ ಈ ರೀತಿ ಆಯಿತು ಎನ್ನಬೇಕು.

ಲೆಕ್ಕಿಗ:
ಸ್ಟುಟ್‌ಗಾರ್ಟ್ ಕನ್ನಡಿಗರು ಹೇಳಿದ್ದಕ್ಕೆ ಹಣದ ಬದಿಯನ್ನು ಸೇರಿಸುತ್ತೇನೆ. ಕಾನ್ಸೆಪ್ಟ್ ಒನ್ ಎಂಬ ಮೊದಲ ಕಾರನ್ನು 2011ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಇಟ್ಟರು. ತಯಾರಾದದ್ದು ಕೇವಲ ಎಂಟು. ಎಂಟು ಕಾರು ಮಾರಿ ಯಾವ ಕಾರ್ಖಾನೆಯೂ ಬದುಕುವುದಿಲ್ಲ. ಅವರು ಬದುಕಿದ್ದು ಇತರರಿಗೆ ಮಾಡಿಕೊಟ್ಟ ಕೆಲಸದಿಂದ. ಸ್ವೀಡನ್ನಿನ ಕೊನಿಗ್‌ಸೆಗ್ ರೆಗೇರಾಕ್ಕೆ, ಬ್ರಿಟನ್ನಿನ ಆಸ್ಟನ್ ಮಾರ್ಟಿನ್ ವಾಲ್ಕಿರಿಗೆ ಬ್ಯಾಟರಿ ವ್ಯವಸ್ಥೆ ಕೊಟ್ಟವರು ಇವರೇ. ಸ್ಪೋರ್ಟ್ಸ್ ಕಾರು ಅಂಗಡಿಯ ಮುಂದಿನ ಫಲಕದಂತೆ, ವ್ಯಾಪಾರ ನಡೆದದ್ದು ಒಳಗಿನ ಕೋಣೆಯಲ್ಲಿ.

ಹೂಡಿಕೆಯೂ ಹಾಗೆಯೇ ಬಂತು. 2017ರಲ್ಲಿ ಚೀನಾದ ಕ್ಯಾಮೆಲ್ ಎಂಬ ಬ್ಯಾಟರಿ ಕಂಪನಿ, 2018ರಲ್ಲಿ ಪೋರ್ಷೆ ಶೇಕಡಾ 10ರ ಪಾಲಿನೊಂದಿಗೆ, 2019ರಲ್ಲಿ ಹ್ಯುಂಡೈ ಮತ್ತು ಕಿಯಾ ಒಟ್ಟು 8 ಕೋಟಿ ಯೂರೋದೊಂದಿಗೆ ಬಂದವು. ಪೋರ್ಷೆಯ ಪಾಲು 2021ರ ಮಾರ್ಚ್ ಹೊತ್ತಿಗೆ ಶೇಕಡಾ 24ಕ್ಕೆ ಏರಿತು. 2022ರಲ್ಲಿ ಸಾಫ್ಟ್‌ಬ್ಯಾಂಕ್ ಮತ್ತು ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ಹಣಕಾಸು ಸಂಸ್ಥೆಗಳು ಮುಂದೆ ನಿಂತು 50 ಕೋಟಿ ಯೂರೋದ ಹೂಡಿಕೆಯ ಸುತ್ತನ್ನು ನಡೆಸಿದಾಗ ಕಂಪನಿಯ ಮೌಲ್ಯ 200 ಕೋಟಿ ಯೂರೋ ದಾಟಿತ್ತು.

ಆದ್ದರಿಂದ ‘ಸ್ವಂತ ಕಾರು’ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಮಾಟೆಯವರ ಪಾಲನ್ನು ಬಿಟ್ಟರೆ ಷೇರುಪತ್ರಗಳಲ್ಲಿ ಕ್ರೊಯೇಷಿಯಾದ ಹೆಸರು ಹುಡುಕಬೇಕಾಗುತ್ತದೆ.

ಕಾಗದದ ಮೇಲಿನ ಕಾರು:
ಲೆಕ್ಕಿಗರೇ, ಷೇರುಪತ್ರದಲ್ಲಿ ಹುಡುಕುವ ಬದಲು ಕಾರಿನ ಪಕ್ಕದಲ್ಲಿ ಹುಡುಕಿ ನೋಡಿ. ನಾನು ವಾಹನ ವಿನ್ಯಾಸ ಕಲಿಯುತ್ತಿರುವ ವಿದ್ಯಾರ್ಥಿನಿ. ನೆವೆರಾದ ಬಾಗಿಲಿನ ಹಿಂದೆ ಗಾಳಿ ಒಳಗೆ ಹೋಗುವ ಜಾಗದ ರೇಖೆಯನ್ನು ಗಮನಿಸಿ. ಅದು ಕೊರಳಿಗೆ ಕಟ್ಟಿದ ಕ್ರವಾಟಾದ ಮಡಿಕೆಯಂತೆ ಇಳಿಯುತ್ತದೆ. ನಾವು ಟೈ ಎನ್ನುವ ಉಡುಪಿನ ಮೂಲ ಕ್ರೊಯೇಷಿಯಾ. 17ನೇ ಶತಮಾನದಲ್ಲಿ ಫ್ರಾನ್ಸಿನ ಸೇವೆಯಲ್ಲಿದ್ದ ಕ್ರೊಯೇಷಿಯಾದ ಸೈನಿಕರು ಕೊರಳಿಗೆ ಬಟ್ಟೆ ಕಟ್ಟುತ್ತಿದ್ದರು, ಅವರ ಜನಾಂಗದ ಹೆಸರೇ ಆ ಬಟ್ಟೆಯ ಹೆಸರಾಯಿತು. ಕಾರಿನ ಹೆಸರೂ ಆ ಕರಾವಳಿಯದೇ: ಬೇಸಿಗೆಯಲ್ಲಿ ಆಡ್ರಿಯಾಟಿಕ್ ಕಡಲ ಮೇಲೆ ಹಠಾತ್ತನೆ ಎದ್ದು ಬಂದು ಅಷ್ಟೇ ಬೇಗ ಇಳಿದುಹೋಗುವ ಬಿರುಗಾಳಿಗೆ ಅಲ್ಲಿನ ಮೀನುಗಾರರು ನೆವೆರಾ ಎನ್ನುತ್ತಾರೆ.

ಹೆಸರು ಮತ್ತು ಅಲಂಕಾರ ಮಾತ್ರ ಸ್ಥಳೀಯ ಎಂದು ನೀವು ಹೇಳಬಹುದೆಂದು ಇನ್ನೊಂದು ವಿಷಯವನ್ನೂ ಬರೆಯುತ್ತೇನೆ. ಸಾಮಾನ್ಯ ವಿದ್ಯುತ್ ಕಾರುಗಳಲ್ಲಿ ಬ್ಯಾಟರಿಯನ್ನು ನೆಲದಡಿಯಲ್ಲಿ ಹಲಗೆಯಂತೆ ಹಾಸುತ್ತಾರೆ. ಆಗ ಕೂರುವವರು ಮೇಲೇರುತ್ತಾರೆ, ಛಾವಣಿಯೂ ಏರುತ್ತದೆ, ಸ್ಪೋರ್ಟ್ಸ್ ಕಾರಿನ ತಗ್ಗಾದ ನಿಲುವು ಕೆಡುತ್ತದೆ. ನೆವೆರಾದಲ್ಲಿ 120 ಕಿಲೋವ್ಯಾಟ್ ಗಂಟೆಯ ಬ್ಯಾಟರಿಯನ್ನು ಆಂಗ್ಲದ ಎಚ್ ಅಕ್ಷರದ ಆಕಾರದಲ್ಲಿ ಮಾಡಿ, ಆಸನಗಳ ಹಿಂದೆ ಮತ್ತು ಇಬ್ಬರು ಕೂರುವವರ ನಡುವಿನ ಸುರಂಗದಲ್ಲಿ ಹೊಂದಿಸಿದ್ದಾರೆ. 6,960 ಸಿಲಿಂಡರ್ ಕೋಶಗಳು ಅದರಲ್ಲಿವೆ. ಆಸನ ನೆಲಕ್ಕೆ ತಾಗುವಂತೆ ಕೂರುತ್ತದೆ. ಬ್ಯಾಟರಿಯ ಕವಚವೇ ಕಾರ್ಬನ್ ಒಡಲಿನ ಭಾಗವಾಗಿ ಅದನ್ನು ಗಟ್ಟಿಮಾಡುತ್ತದೆ. ಇಲ್ಲಿ ವಿನ್ಯಾಸಕ ಆಡ್ರಿಯಾನೊ ಮುಡ್ರಿ ಎಳೆದ ರೇಖೆಯನ್ನೂ ಬ್ಯಾಟರಿ ಎಂಜಿನಿಯರನ ಲೆಕ್ಕವನ್ನೂ ಬೇರೆ ಮಾಡಲು ಬರುವುದಿಲ್ಲ, ಏಕೆಂದರೆ ಇಬ್ಬರೂ ಒಂದೇ ಕಟ್ಟಡದಲ್ಲಿ ಕೂತಿದ್ದರು. ಬ್ಯಾಟರಿಯನ್ನು ಹೊರಗಿನಿಂದ ತರಿಸುವ ಕಂಪನಿಯಲ್ಲಿ ಈ ಆಕಾರ ಹುಟ್ಟುವುದು ಕಷ್ಟ. ಸ್ವಂತದ್ದು ಎಂಬ ಮಾತಿಗೆ ನಾನು ಕೊಡುವ ಅರ್ಥ ಇದು.

ಹಳೆಯ ಲೇತ್:
ಮಗಳೇ, ಬಹಳ ಚೆನ್ನಾಗಿ ಬರೆದೆ. ಒಡಲು ಮತ್ತು ಬ್ಯಾಟರಿಯ ಸಂಬಂಧವನ್ನು ಇಷ್ಟು ಸರಳವಾಗಿ ನಾನು ಎಲ್ಲಿಯೂ ಓದಿರಲಿಲ್ಲ.

ಲೆಕ್ಕಿಗ:
ವಿವರಣೆ ನನಗೂ ಇಷ್ಟವಾಯಿತು. ಆದರೂ ಬ್ರೇಕು ಇಟಲಿಯ ಬ್ರೆಂಬೊ ಅವರದು, ಟೈರು ಫ್ರಾನ್ಸಿನ ಮಿಶೆಲಿನ್ ಅವರದು ಎಂಬುದನ್ನು ಮರೆಯಬಾರದು.

ಕಾಗದದ ಮೇಲಿನ ಕಾರು:
ಟೈರನ್ನು ಫೆರಾರಿಯವರೂ ತಾವೇ ಮಾಡುವುದಿಲ್ಲ. ಫೆರಾರಿ ಇಟಲಿಯದಲ್ಲ ಎಂದು ಯಾರೂ ಹೇಳುವುದಿಲ್ಲ.

ಅರಳಿಕಟ್ಟೆ:
ಇದೇ ರಿಮಾಟ್ಸ್ ಕಂಪನಿಯನ್ನು ನಮ್ಮ ಮಹೀಂದ್ರಾದವರು ಕೊಂಡುಕೊಂಡಿದ್ದಾರೆ ಎಂದು ಎಲ್ಲೋ ಓದಿದ ನೆನಪು. ಹಾಗಾದರೆ ಇದು ಭಾರತದ ಕಾರೂ ಆಯಿತಲ್ಲವೇ?

ನಾಲ್ಕನೇ ಗೇರ್:
ಇಲ್ಲ, ಎರಡು ಸಂಗತಿಗಳು ಬೆರೆತುಹೋಗಿವೆ. ಮಹೀಂದ್ರಾದವರ ಕೈಯಲ್ಲಿರುವುದು ಇಟಲಿಯ ಪಿನಿನ್‌ಫರೀನಾ. 2015ರ ಕೊನೆಯಲ್ಲಿ ಆ ಹಳೆಯ ವಿನ್ಯಾಸ ಸಂಸ್ಥೆಯನ್ನು ಕೊಳ್ಳುವುದಾಗಿ ಪ್ರಕಟಿಸಿದರು, 2018ರಲ್ಲಿ ಆಟೊಮೊಬಿಲಿ ಪಿನಿನ್‌ಫರೀನಾ ಎಂಬ ಕಾರು ಕಂಪನಿಯನ್ನು ಬೇರೆಯಾಗಿ ತೆರೆದರು. ಅವರ ಬತಿಸ್ತಾ ಎಂಬ ಕಾರಿಗೆ ಬ್ಯಾಟರಿಯನ್ನೂ ಮೋಟರುಗಳನ್ನೂ ಕೊಟ್ಟವರು ರಿಮಾಟ್ಸ್. ಅಂದರೆ ಭಾರತದ ಒಡೆತನ, ಇಟಲಿಯ ರೂಪ, ಕ್ರೊಯೇಷಿಯಾದ ಶಕ್ತಿ. ರಿಮಾಟ್ಸ್ ಕಂಪನಿಯಲ್ಲಿ ಮಹೀಂದ್ರಾ ಪಾಲು ಕೊಂಡಿಲ್ಲ.

ಅರಳಿಕಟ್ಟೆ:
ಸರಿ, ತಪ್ಪು ತಿಳಿದಿದ್ದೆ. ಅಂದಹಾಗೆ ಮಹೀಂದ್ರಾ 2010ರಲ್ಲಿ ನಮ್ಮ ಬೆಂಗಳೂರಿನ ರೇವಾ ಕಂಪನಿಯನ್ನೂ ತೆಗೆದುಕೊಂಡಿತು. ಚೇತನ್ ಮೈನಿ ಅವರು 2001ರಲ್ಲೇ ರೇವಾ ವಿದ್ಯುತ್ ಕಾರನ್ನು ರಸ್ತೆಗಿಳಿಸಿದ್ದರು, ಲಂಡನ್ನಿನಲ್ಲೂ ಅದು ಓಡಿತು. ನನ್ನ ಸೋದರಮಾವನ ಬಳಿ ಒಂದಿತ್ತು. ರಿಮಾಟ್ಸ್ ಹುಟ್ಟುವುದಕ್ಕೆ ಎಂಟು ವರ್ಷ ಮೊದಲು ನಮ್ಮಲ್ಲಿ ವಿದ್ಯುತ್ ಕಾರು ತಯಾರಾಗುತ್ತಿತ್ತು ಎಂಬುದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸ್ಟುಟ್‌ಗಾರ್ಟ್ ಕನ್ನಡಿಗ:
ಸಂಕಟ ಅರ್ಥವಾಗುತ್ತದೆ, ಆದರೆ ಎರಡೂ ಬೇರೆ ದಾರಿಯ ಪ್ರಯತ್ನಗಳು. ರೇವಾ ಪೇಟೆಯೊಳಗೆ ಓಡಾಡುವ ಅಗ್ಗದ ಕಾರಾಗಲು ಹೊರಟಿತ್ತು. ಆ ಕಾಲದ ಸೀಸದ ಬ್ಯಾಟರಿ ಅದರ ಕಾಲು ಹಿಡಿದೆಳೆಯಿತು. ರಿಮಾಟ್ಸ್ ಹುಟ್ಟುವ ಹೊತ್ತಿಗೆ ಲಿಥಿಯಂ ಕೋಶಗಳು ಕೈಗೆ ಸಿಗುತ್ತಿದ್ದವು. ದುಬಾರಿ ಕಾರು ಮಾಡಿದ್ದೂ ಲೆಕ್ಕಾಚಾರದ ಹೆಜ್ಜೆಯೇ. ಒಂದು ಕಾರಿಗೆ 20 ಲಕ್ಷ ಯೂರೋ ಕೊಡುವವರು ಇದ್ದರೆ 150 ಕಾರು ಮಾಡುವ ಪುಟ್ಟ ಕಾರ್ಖಾನೆ ನಿಲ್ಲಬಲ್ಲದು. 10 ಸಾವಿರ ಯೂರೋದ ಕಾರು ಮಾಡಲು ಹೊರಟರೆ ವರ್ಷಕ್ಕೆ ಲಕ್ಷಗಟ್ಟಲೆ ಮಾರಬೇಕು. ಚಿಕ್ಕ ದೇಶಕ್ಕೆ ತೆರೆದಿದ್ದ ಬಾಗಿಲು ಮೊದಲನೆಯದು ಮಾತ್ರ.

ಪಡುಗಡಲು:
ಯುಗೊಸ್ಲಾವಿಯಾ ಎರಡನೆಯ ಬಾಗಿಲನ್ನೂ ತಟ್ಟಿ ನೋಡಿತ್ತು. ಸೆರ್ಬಿಯಾದ ಕ್ರಾಗುಯೆವಾಟ್ಸ್‌ನ ಜಾಸ್ತವಾ ಕಾರ್ಖಾನೆಯ ಯುಗೊ ಕಾರನ್ನು 1985ರಲ್ಲಿ ಅಮೆರಿಕದಲ್ಲಿ 3,990 ಡಾಲರಿಗೆ ಮಾರಲು ಇಳಿಸಿದರು. ಅಗ್ಗ ಎಂಬ ಒಂದೇ ಗುಣದಿಂದ ಅದು ಉಳಿಯಲಿಲ್ಲ. ಒಕ್ಕೂಟ ಒಡೆದಾಗ ಜಾಸ್ತವಾ ಸೆರ್ಬಿಯಾದ ಪಾಲಾಯಿತು, ರೆನೋ ಕಾರು ಜೋಡಿಸುತ್ತಿದ್ದ ನೊವೊ ಮೆಸ್ಟೊ ಸ್ಲೊವೇನಿಯಾದ ಪಾಲಾಯಿತು, ಫೋಕ್ಸ್‌ವ್ಯಾಗನ್ ಗಾಲ್ಫ್ ಜೋಡಿಸುತ್ತಿದ್ದ ಕಾರ್ಖಾನೆ ಸರಾಯೆವೊ ಬಳಿ ಉಳಿಯಿತು. ಕ್ರೊಯೇಷಿಯಾಕ್ಕೆ ಬಂದದ್ದು ಮುಖ್ಯವಾಗಿ ಹಡಗುಕಟ್ಟೆಗಳು. ಅವುಗಳ ಗತಿಯೂ ಚೆನ್ನಾಗಿ ಆಗಲಿಲ್ಲ, ಪುಲಾದ ಉಲ್ಯಾನಿಕ್ 2019ರಲ್ಲಿ ದಿವಾಳಿಯಾಯಿತು.

ಕುಮದ್ವತಿ:
ಪಡುಗಡಲು ಅವರೇ, ಇದು ನನಗೆ ಹೊಸ ವಿಷಯ. ಹಾಗಾದರೆ ಯುದ್ಧಾನಂತರದ ಕ್ರೊಯೇಷಿಯಾದಲ್ಲಿ ಬೇರೆ ತಂತ್ರಜ್ಞಾನ ಕಂಪನಿಗಳೂ ಬೆಳೆದವೇ, ಇಲ್ಲ ರಿಮಾಟ್ಸ್ ಒಂಟಿ ಮರವೇ?

ಪಡುಗಡಲು:
ಒಂಟಿ ಮರವಲ್ಲ. ಇಸ್ಟ್ರಿಯಾ ಪ್ರಾಂತ್ಯದ ವೊಡ್ನ್ಯಾನ್ ಎಂಬ ಪುಟ್ಟ ಊರಿನಲ್ಲಿ 2006ರಲ್ಲಿ ಹುಟ್ಟಿದ ಇನ್ಫೊಬಿಪ್ ಕಂಪನಿ ಬ್ಯಾಂಕುಗಳ ಮತ್ತು ಅಂಗಡಿಗಳ ಸಂದೇಶಗಳನ್ನು ಫೋನುಗಳಿಗೆ ತಲುಪಿಸುವ ಕೆಲಸದಲ್ಲಿ ಜಗತ್ತಿನ ದೊಡ್ಡ ಹೆಸರಾಯಿತು. ದೇಶದ ಮೊದಲ ಶತಕೋಟಿ ಡಾಲರ್ ಕಂಪನಿ ಅದೇ, ರಿಮಾಟ್ಸ್ ಅಲ್ಲ. ಗಣಿತದ ಲೆಕ್ಕದ ಚಿತ್ರ ತೆಗೆದರೆ ಹಂತಹಂತವಾಗಿ ಬಿಡಿಸಿ ತೋರಿಸುವ ಫೋಟೊಮ್ಯಾಥ್ ಕೂಡ ಜಾಗ್ರೆಬ್‌ನದು, ಈಗ ಗೂಗಲ್‌ನ ಕೈಯಲ್ಲಿದೆ.

ನನಗೆ ಎಲ್ಲಕ್ಕಿಂತ ಮನಸ್ಸಿಗೆ ತಟ್ಟುವುದು ಡೊಕ್-ಇಂಗ್ ಕಂಪನಿಯ ಕಥೆ. ಯುದ್ಧ ಮುಗಿದಾಗ ಅಲ್ಲಿನ ಹೊಲಗಳಲ್ಲಿ, ಕಾಡುಗಳಲ್ಲಿ ನೆಲಬಾಂಬುಗಳು ಹೂತುಹೋಗಿದ್ದವು. ರೈತ ನೇಗಿಲು ಇಳಿಸುವಂತಿರಲಿಲ್ಲ. ಮನುಷ್ಯರನ್ನು ಕಳಿಸದೆ ದೂರದಿಂದ ನಡೆಸುವ, ನೆಲವನ್ನು ಸರಪಳಿಗಳಿಂದ ಬಡಿದು ಬಾಂಬನ್ನು ಸಿಡಿಸುವ ಯಂತ್ರಗಳನ್ನು ಅವರು ಕಟ್ಟಿದರು. ಅದೇ ಕಂಪನಿ 2010ರ ಸುಮಾರಿಗೆ ಮೂರು ಆಸನಗಳ ಪುಟ್ಟ ವಿದ್ಯುತ್ ಕಾರಿನ ಮಾದರಿಯನ್ನೂ ತೋರಿಸಿತ್ತು. ಅದು ಮಾರುಕಟ್ಟೆಯಲ್ಲಿ ಬೆಳೆಯಲಿಲ್ಲ. ಆದರೆ ರಿಮಾಟ್ಸ್ ಹೊರತಾಗಿಯೂ ಜಾಗ್ರೆಬ್‌ನಲ್ಲಿ ವಿದ್ಯುತ್ ಕಾರಿನ ಯೋಚನೆ ಇತ್ತು ಎಂಬುದಕ್ಕೆ ಇಷ್ಟು ಸಾಕು.

ನಾಲ್ಕನೇ ಗೇರ್:
ಡೊಕ್-ಇಂಗ್ ವಿಷಯ ನನಗೆ ಗೊತ್ತಿರಲಿಲ್ಲ. ಒಬ್ಬ ವ್ಯಕ್ತಿಯ ಕಥೆ ಎಂಬ ನನ್ನ ಮಾತನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಉಳಿದರ್ಧವನ್ನು ಬಿಡಲಾರೆ. ಆರಂಭದಲ್ಲಿ ಅಬುಧಾಬಿಯ ಹೂಡಿಕೆದಾರರು ಹಣ ಕೊಡಲು ಮುಂದೆ ಬಂದು, ಕಂಪನಿಯನ್ನೇ ಅಲ್ಲಿಗೆ ಸಾಗಿಸಬೇಕೆಂದು ಕೇಳಿದಾಗ ಒಪ್ಪಲಿಲ್ಲವೆಂದು ಮಾಟೆ ಹೇಳಿದ್ದಾರೆ. ಆ ದಿನ ಬೇರೆಯವರಿದ್ದರೆ ಹೊರಟುಬಿಡುತ್ತಿದ್ದರು. ಆಗ ನಾವು ಈ ಚರ್ಚೆಯನ್ನು ಅಬುಧಾಬಿಯ ಬಗ್ಗೆ ಮಾಡುತ್ತಿದ್ದೆವು.

ಬೆಳ್ಳಿಮೋಡ:
2017ರ ಅಪಘಾತವನ್ನು ಯಾರೂ ಪ್ರಸ್ತಾಪಿಸಿಲ್ಲ. ಬ್ರಿಟನ್ನಿನ ಟಿವಿ ನಿರೂಪಕ ರಿಚರ್ಡ್ ಹ್ಯಾಮಂಡ್ ಸ್ವಿಟ್ಜರ್ಲೆಂಡಿನ ಹೆಂಬರ್ಗ್ ಬೆಟ್ಟದ ರಸ್ತೆಯಲ್ಲಿ ಕಾನ್ಸೆಪ್ಟ್ ಒನ್ ಓಡಿಸುವಾಗ ಹಾದಿ ತಪ್ಪಿ ಕೆಳಗೆ ಉರುಳಿದರು. ಅವರು ಮೊಣಕಾಲಿನ ಗಾಯದೊಂದಿಗೆ ಹೊರಬಂದರು, ಕಾರು ಪೂರ್ತಿ ಸುಟ್ಟುಹೋಯಿತು, ಬ್ಯಾಟರಿ ಕೋಶಗಳು ದಿನಗಟ್ಟಲೆ ಮತ್ತೆ ಮತ್ತೆ ಹೊತ್ತಿಕೊಂಡವು. ಎಂಟೇ ಕಾರುಗಳಲ್ಲಿ ಒಂದು ಹೀಗಾದರೆ ಆ ಕಂಪನಿಯನ್ನು ನಂಬುವುದು ಹೇಗೆ ಎಂದು ಆಗ ನನಗನ್ನಿಸಿತ್ತು.

ಸ್ಟುಟ್‌ಗಾರ್ಟ್ ಕನ್ನಡಿಗ:
ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಆದರೆ ಅದು ಚಾಲನೆಯಲ್ಲಾದ ಅವಘಡ, ಬ್ಯಾಟರಿ ತಾನಾಗಿ ಹೊತ್ತಿಕೊಂಡದ್ದಲ್ಲ. ಉರುಳಿ ನಜ್ಜುಗುಜ್ಜಾದ ಲಿಥಿಯಂ ಕೋಶ ಯಾವ ದೇಶದ್ದಾದರೂ ಹಾಗೆಯೇ ಉರಿಯುತ್ತದೆ. ಒಂದು ಕೋಶದ ಬಿಸಿ ಪಕ್ಕದ ಕೋಶಕ್ಕೆ ಹರಡಿ, ಆರಿತೆಂದುಕೊಂಡ ಬೆಂಕಿ ಮರುದಿನ ಮತ್ತೆ ಏಳುತ್ತದೆ. ಚಾಲಕ ಹೊರಬರುವಷ್ಟು ಹೊತ್ತು ಒಡಲು ನಿಂತಿತು ಎಂಬುದನ್ನೂ ಎಣಿಸಬೇಕು. ನಂತರದ ನೆವೆರಾವನ್ನು ಯುರೋಪ್, ಅಮೆರಿಕ ಎರಡೂ ಕಡೆಯ ನಿಯಮಗಳಿಗಾಗಿ ಗುದ್ದಿಸಿ ಪರೀಕ್ಷಿಸಿದ್ದಾರೆ. ಕೋಟಿಗಟ್ಟಲೆ ಬೆಲೆಯ ಕಾರನ್ನು ಗೋಡೆಗೆ ಗುದ್ದಿಸುವುದು ಸಣ್ಣ ಕಂಪನಿಗೆ ಎಷ್ಟು ಭಾರವೆಂಬುದು ಈ ಕಸುಬಿನಲ್ಲಿರುವವರಿಗೆ ಗೊತ್ತು.

ಲೆಕ್ಕಿಗ:
ನಾನು ಇನ್ನೊಂದು ಕಹಿ ಸಂಗತಿ ಹೇಳಬೇಕು. ನೆವೆರಾದ 150 ಕಾರುಗಳು ನಿರೀಕ್ಷಿಸಿದಷ್ಟು ಬೇಗ ಮಾರಾಟವಾಗಲಿಲ್ಲ. ಶ್ರೀಮಂತ ಗ್ರಾಹಕರಿಗೆ ವಿದ್ಯುತ್ ಸ್ಪೋರ್ಟ್ಸ್ ಕಾರಿನ ಮೇಲೆ ಒಲವು ಇಳಿದಿದೆ ಎಂದು 2024ರಲ್ಲಿ ಮಾಟೆಯವರೇ ಬಹಿರಂಗವಾಗಿ ಹೇಳಿದರು. 2021ರಲ್ಲಿ ಫ್ರಾನ್ಸಿನ ಹಳೆಯ ಕಾರು ಬ್ರ್ಯಾಂಡ್ ಬುಗಾಟಿಯೂ ಸೇರಿ ಬುಗಾಟಿ ರಿಮಾಟ್ಸ್ ಎಂಬ ಜಂಟಿ ಕಂಪನಿಯಾಯಿತು, ಅದರಲ್ಲಿ ಶೇಕಡಾ 55 ರಿಮಾಟ್ಸ್ ಗುಂಪಿಗೆ, 45 ಪೋರ್ಷೆಗೆ ಬಂತು. ಆ ಕಂಪನಿಯ ಹೊಸ ಬುಗಾಟಿ ಟೂರ್ಬಿಯಾನ್ 2024ರ ಜೂನಿನಲ್ಲಿ ಹೊರಬಂದಾಗ ಅದರೊಳಗಿದ್ದದ್ದು 8.3 ಲೀಟರಿನ, ಹದಿನಾರು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಜೊತೆಗೆ ಮೂರು ವಿದ್ಯುತ್ ಮೋಟರುಗಳು. ವಿದ್ಯುತ್ ಕಾರಿನ ಹರಿಕಾರ ಎನಿಸಿಕೊಂಡವರು ಪೆಟ್ರೋಲಿಗೆ ಮರಳಿದರು.

ನಾಲ್ಕನೇ ಗೇರ್:
ಮರಳಿದ್ದಲ್ಲ. ಬುಗಾಟಿಯನ್ನು ಪೂರ್ತಿ ವಿದ್ಯುತ್ ಕಾರು ಮಾಡುವುದು ಸುಲಭವಿತ್ತು, ನೆವೆರಾದ ಮೇಲೆ ಹೊಸ ಅಂಗಿ ತೊಡಿಸಿದ್ದರೆ ಮುಗಿಯುತ್ತಿತ್ತು. 1909ರಿಂದ ಎಂಜಿನ್ನಿಗೆ ಹೆಸರಾದ ಬ್ರ್ಯಾಂಡಿಗೆ ಅದು ಹೊಂದುವುದಿಲ್ಲ ಎಂದು ಅವರು ಕಷ್ಟದ ದಾರಿ ಹಿಡಿದರು. ಆ ಮೂರು ಮೋಟರುಗಳ ಹಿಂದಿರುವುದೂ ನೆವೆರಾದಲ್ಲಿ ಕಲಿತ ಪಾಠವೇ.

ಸ್ಟುಟ್‌ಗಾರ್ಟ್ ಕನ್ನಡಿಗ:
ಲೆಕ್ಕಿಗರೇ, ನೀವೇ ಹೇಳಿದ ಒಳಗಿನ ಕೋಣೆಯನ್ನು ಮರೆತಿರಿ. ನೆವೆರಾ ನಿಧಾನವಾಗಿ ಮಾರಾಟವಾದ ಅದೇ 2024ರ ಏಪ್ರಿಲಿನಲ್ಲಿ ಬಿಎಂಡಬ್ಲ್ಯು ಕಂಪನಿಯು ತನ್ನ ಕೆಲವು ಮುಂದಿನ ಕಾರುಗಳ ಬ್ಯಾಟರಿಗಾಗಿ ರಿಮಾಟ್ಸ್ ಟೆಕ್ನಾಲಜಿಯೊಂದಿಗೆ ದೀರ್ಘಾವಧಿಯ ಒಪ್ಪಂದವನ್ನು ಪ್ರಕಟಿಸಿತು. ಎಂಜಿನ್ ಒಡೆದ ಹಳೆಯ ಬಿಎಂಡಬ್ಲ್ಯುವಿನಿಂದ ಹೊರಟವರಿಗೆ ಬಿಎಂಡಬ್ಲ್ಯು ಗ್ರಾಹಕವಾಗಿ ಬಂತು. ನಮ್ಮ ಕಚೇರಿಯಲ್ಲಿ ಆ ಸುದ್ದಿ ಓದಿದ ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬೇರೆ ಮಾತೇ ಇರಲಿಲ್ಲ.

ಹಳೆಯ ಲೇತ್:
ನನಗೆ ಇನ್ನೊಂದು ಸಂಶಯವಿದೆ, ಅದಕ್ಕೆ ಯಾರೂ ಕೈ ಹಾಕಿಲ್ಲ. 2011ರ ಜನಗಣತಿಯಲ್ಲಿ ಕ್ರೊಯೇಷಿಯಾದಲ್ಲಿ ಸುಮಾರು 42.8 ಲಕ್ಷ ಜನರಿದ್ದರು, ಹತ್ತೇ ವರ್ಷಗಳಲ್ಲಿ ನಾಲ್ಕು ಲಕ್ಷ ಜನ ಕಡಿಮೆಯಾದರು. ಹುಟ್ಟುವವರು ಕಡಿಮೆ ಎಂಬುದು ಒಂದು ಕಾರಣ. 2013ರಲ್ಲಿ ಐರೋಪ್ಯ ಒಕ್ಕೂಟ ಸೇರಿದ ಮೇಲೆ ದುಡಿಯುವ ವಯಸ್ಸಿನವರು ಜರ್ಮನಿಗೆ, ಐರ್ಲೆಂಡಿಗೆ ಹೊರಟುಹೋದದ್ದು ಇನ್ನೊಂದು. ಪೂರ್ವದ ಸ್ಲಾವೊನಿಯಾದಲ್ಲಿ ಬೀಗ ಹಾಕಿದ ಮನೆಗಳ ಸಾಲುಗಳಿವೆ. ಒಂದು ಕಡೆ 20 ಲಕ್ಷ ಯೂರೋದ ಕಾರು, ಇನ್ನೊಂದು ಕಡೆ ಖಾಲಿಯಾಗುತ್ತಿರುವ ಹಳ್ಳಿ. ಇದನ್ನು ಪುನರುಜ್ಜೀವನ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಜಾಗ್ರೆಬ್‌ನಿಂದ ಒಬ್ಬ:
ನಾನು ಮೂಲತಃ ದಾವಣಗೆರೆಯವನು, ಎರಡು ವರ್ಷಗಳಿಂದ ಜಾಗ್ರೆಬ್‌ನಲ್ಲಿ ತಂತ್ರಾಂಶದ ಕೆಲಸದಲ್ಲಿದ್ದೇನೆ. ಹಳೆಯ ಲೇತ್ ಅವರ ಮಾತು ನಿಜ. ಇಲ್ಲಿ ಊಟದ ಪೊಟ್ಟಣ ತಂದುಕೊಡುವವರಲ್ಲಿ, ಕಟ್ಟಡದ ಕೆಲಸದಲ್ಲಿ ನೇಪಾಳದವರು, ಭಾರತದವರು, ಫಿಲಿಪೀನ್ಸ್‌ನವರು ದಿನವೂ ಕಾಣಸಿಗುತ್ತಾರೆ, ಏಕೆಂದರೆ ಇಲ್ಲಿನ ಯುವಕರು ಹೊರಗೆ ಹೋಗಿದ್ದಾರೆ. ಆದರೆ ಇನ್ನೊಂದನ್ನೂ ಕಣ್ಣಾರೆ ಕಂಡಿದ್ದೇನೆ. ನನ್ನ ಕಚೇರಿಯ ಇಬ್ಬರು ಸಹೋದ್ಯೋಗಿಗಳು ಮ್ಯೂನಿಕ್‌ನ ಕೆಲಸ ಬಿಟ್ಟು ವಾಪಸು ಬಂದವರು. ಸಂಬಳ ಅಲ್ಲಿಗಿಂತ ಕಡಿಮೆ. ‘ಮೊದಲು ಇಲ್ಲಿ ಮಾಡಲು ತಕ್ಕ ಕೆಲಸವೇ ಇರಲಿಲ್ಲ, ಈಗ ಇದೆ’ ಎಂದು ಅವರಲ್ಲೊಬ್ಬರು ನನಗೆ ಹೇಳಿದರು.

ಇಲ್ಲಿನವರೆಲ್ಲ ರಿಮಾಟ್ಸ್ ಅವರನ್ನು ಹೊಗಳುತ್ತಾರೆಂದು ತಿಳಿಯಬೇಡಿ. 2024ರ ಜೂನಿನಲ್ಲಿ ಚಾಲಕನೂ ಸ್ಟಿಯರಿಂಗೂ ಇಲ್ಲದ ಎರಡು ಆಸನದ ವೆರ್ನ್ ಟ್ಯಾಕ್ಸಿಯನ್ನು ಅವರು ತೋರಿಸಿದರು. ಅದಕ್ಕೆ ಐರೋಪ್ಯ ಒಕ್ಕೂಟದ ಚೇತರಿಕೆ ನಿಧಿಯಿಂದ ದೊಡ್ಡ ಮೊತ್ತ ಸಿಕ್ಕಿದ್ದು ಸರಿಯೇ ಎಂಬ ಜಗಳ ಕಾಫಿ ಅಂಗಡಿಗಳಲ್ಲಿ ಬಿಸಿಯಾಗಿಯೇ ನಡೆಯಿತು. ತೆರಿಗೆದಾರರ ಹಣ ಒಂದೇ ಯೋಜನೆಗೆ ಏಕೆ ಎಂದು ಕೇಳುವವರು ಇದ್ದಾರೆ, ಬೇರೆ ಯಾರು ಇಷ್ಟು ದೊಡ್ಡದನ್ನು ಯೋಚಿಸಿದರು ಎಂದು ಮರುಪ್ರಶ್ನೆ ಹಾಕುವವರೂ ಇದ್ದಾರೆ.

ಕಾಗದದ ಮೇಲಿನ ಕಾರು:
ಜಾಗ್ರೆಬ್‌ನ ಅಣ್ಣ, ನೆವೆರಾವನ್ನು ರಸ್ತೆಯಲ್ಲಿ ನೋಡಿದ್ದೀರಾ?

ಜಾಗ್ರೆಬ್‌ನಿಂದ ಒಬ್ಬ:
ಎರಡು ಸಲ ನೋಡಿದ್ದೇನೆ ತಂಗಿ. ಒಮ್ಮೆ ಸಮೊಬೋರ್ ಕಡೆಯ ಹೆದ್ದಾರಿಯಲ್ಲಿ, ಪರೀಕ್ಷೆಗೆ ತೆಗೆದ ಕಾರಿರಬೇಕು, ಮೈಮೇಲೆ ಬಣ್ಣವಿರಲಿಲ್ಲ, ಕಪ್ಪು ಕಾರ್ಬನ್ ನೇಯ್ಗೆ ಕಾಣುತ್ತಿತ್ತು. ಶಬ್ದ ಎಂಜಿನ್ನಿನದಲ್ಲ, ಕುದಿಯುವ ಪಾತ್ರೆಯ ಸಿಳ್ಳಿನಂತೆ ಎತ್ತರದ ಒಂದೇ ಸ್ವರ. ಇನ್ನೊಮ್ಮೆ ನಗರದೊಳಗೆ ಟ್ರಾಮಿನ ಹಿಂದೆ ಸಿಗ್ನಲ್ಲಿನಲ್ಲಿ ನಿಂತಿತ್ತು. ಪಕ್ಕದ ಪಾದಚಾರಿ ದಾರಿಯಲ್ಲಿ ಮೊಮ್ಮಗನ ಕೈ ಹಿಡಿದಿದ್ದ ಅಜ್ಜಿಯೊಬ್ಬರು ‘ನಾಶ್, ನಾಶ್’ ಎಂದು ಅದನ್ನು ತೋರಿಸಿದರು. ಕ್ರೊಯೇಷಿಯನ್ ಭಾಷೆಯಲ್ಲಿ ಆ ಮಾತಿಗೆ ‘ನಮ್ಮದು’ ಎಂದರ್ಥ.

ಲೆಕ್ಕಿಗ:
ಆ ಅಜ್ಜಿಯ ಎದುರು ಷೇರುಪತ್ರದ ಮಾತನ್ನು ನಾನು ಎತ್ತುವುದಿಲ್ಲ. ಇಲ್ಲಿ ಮಾತ್ರ ಎತ್ತುತ್ತಲೇ ಇರುತ್ತೇನೆ.

ಕುಮದ್ವತಿ:
ಎಲ್ಲರಿಗೂ ಕೃತಜ್ಞತೆಗಳು. ನನ್ನ ಮೊದಲ ಪ್ರಶ್ನೆಗೆ ಸ್ಟುಟ್‌ಗಾರ್ಟ್ ಕನ್ನಡಿಗರಿಂದಲೂ ಹಳೆಯ ಲೇತ್ ಅವರಿಂದಲೂ ಉತ್ತರ ಸಿಕ್ಕಿತು. ಇನ್ನೊಂದು ಕೇಳಬೇಕೆನಿಸುತ್ತಿದೆ. ಪಕ್ಕದ ಸ್ಲೊವೇನಿಯಾದಲ್ಲೂ ಹೀಗೊಂದು ಕಂಪನಿ ಇದೆಯೆಂದು ಕೇಳಿದ್ದೆ, ವಿದ್ಯುತ್ ವಿಮಾನ ಮಾಡುವವರದು. ಅದೂ ಇದೇ ದಾರಿಯಲ್ಲಿ ಬಂದದ್ದೇ?

ಪಡುಗಡಲು:
ಹೌದು, ಪಿಪಿಸ್ಟ್ರೆಲ್. ಅವರ ವೆಲಿಸ್ ಎಲೆಕ್ಟ್ರೊ 2020ರ ಜೂನಿನಲ್ಲಿ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆಯಿಂದ ಪೂರ್ಣ ಮಾನ್ಯತೆ ಪಡೆದ ಮೊದಲ ವಿದ್ಯುತ್ ವಿಮಾನ. 2022ರಲ್ಲಿ ಅಮೆರಿಕದ ಟೆಕ್ಸ್‌ಟ್ರಾನ್ ಅದನ್ನು ಕೊಂಡಿತು. ಅದರ ಬಗ್ಗೆ ಬೇರೆಯೇ ಒಂದು ಚರ್ಚೆ ತೆರೆಯಿರಿ, ನನ್ನ ಬಳಿ ಬರೆಯಲು ಬಹಳಷ್ಟಿದೆ.